ಮಾತಿನ ನೆಲೆ

ಮಾತು ಹುಟ್ಟುವ ಕ್ರಮವನ್ನು ಪಾಣಿನೀಯ ಶಿಕ್ಷೆಯು ಅತಿ ಸಂಕ್ಷೇಪವಾಗಿ ಹೇಳಿರುವುದು ಪಾಠಶಾಲೆಗಳಲ್ಲಿ ಓದಿದವರಿಗೆ ತಿಳಿದದ್ದೇ. ಆತ್ಮವು ಬುದ್ಧಿಯೊಡನೆ ಕೂಡಿ ಅರ್ಥಗಳನ್ನು ಗ್ರಹಿಸಿ, ನುಡಿಯಬೇಕೆಂಬ ಇಚ್ಛೆಯಿಂದ ಮನಸ್ಸನ್ನು ನಿಯೋಜಿಸುತ್ತದೆ. ಮನಸ್ಸು ದೇಹಾಗ್ನಿಯನ್ನು ತಟ್ಟುತ್ತದೆ. ಅಗ್ನಿಯು ವಾಯುವನ್ನು ಪ್ರೇರಿಸುತ್ತದೆ. ಆ ವಾಯುವು ಎದೆಯಲ್ಲಿ ಸಂಚರಿಸಿ, ಮೇಲೇರಿ, ನೆತ್ತಿಗೆ ತಾಗಿ, ಬಾಯಿಗೆ ಬಂದು ವರ್ಣಗಳಾಗುತ್ತದೆ. ಈ ವ್ಯವಸ್ಥೆಯಲ್ಲಿ ತಲೆಗಿರುವ ಕೆಲಸವೆಂದರೆ ವಾಯುವಿನ ಪೆಟ್ಟನ್ನು ತಿನ್ನುವುದಷ್ಟೆ! ಮೂವತ್ತು ವರ್ಷ ಹುಡುಗರಿಗೆ ಇದನ್ನು ಪಾಠ ಹೇಳಿದವನು ನಾನು. ಉಚ್ಚಾರಣೆಯ ವಿಷಯದಲ್ಲಿ ಆ ಗ್ರಂಥಕ್ಕೆ ಸರಿಗಟ್ಟುವುದು ವಿರಳವೆಂದು ಈಗಲೂ ನಂಬಿದ್ದೇನೆ. ಆದರೆ ಮಾತು ದೇಹದ ಯಾವ ಎಡೆಯಲ್ಲಿ ನೆಲೆಸಿದೆಯೆಂಬ ಪ್ರಶ್ನೆಯು ಶಾಸ್ತ್ರಚರ್ಚೆಯಾಗಿ ಉಳಿಯದೆ ನಮ್ಮ ಮನೆಯ ಪ್ರಶ್ನೆಯೇ ಆದ ಮೇಲೆ, ಬೇರೆ ಕೆಲವು ಸಂಗತಿಗಳನ್ನೂ ಅರಿಯಬೇಕಾಯಿತು.

ನನ್ನ ಸೋದರಳಿಯನು ವಕೀಲ, ವಯಸ್ಸು ನಲವತ್ತನಾಲ್ಕು. ಮನೆಯಲ್ಲಾಡುವುದು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಕಾಗದಪತ್ರಗಳ ವ್ಯವಹಾರವೆಲ್ಲ ಇಂಗ್ಲಿಷು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಸ್ಥಿತಿ ಹೀಗೆಯೇ ಅಲ್ಲವೆ? ಕಳೆದ ವರ್ಷದ ಮಳೆಗಾಲದಲ್ಲಿ ಅವನ ಮಾತು ಅಲ್ಲಲ್ಲಿ ತಡೆಯತೊಡಗಿತು. ಚಮಚ ಬೇಕಾದಾಗ ಬೀಗದಕೈ ಎನ್ನುವನು. ಅದು ಸರಿಯಲ್ಲವೆಂದು ತನಗೇ ತಿಳಿದು, ಸರಿಯಾದುದು ಬಾಯಿಗೆ ಬಾರದೆ, ಕೈಸನ್ನೆ ಮಾಡುವನು. ಒಂದು ದಿನ ಬಲಗೈ ಸೆಳೆದು ಪ್ರಜ್ಞೆ ತಪ್ಪಿ ಬಿದ್ದ. ಮಿದುಳಿನ ಎಡಭಾಗದಲ್ಲಿ, ಹಣೆಯ ಹಿಂದೆ, ನಿಂಬೆಯ ಹಣ್ಣಿನಷ್ಟು ಗಾತ್ರದ ಗೆಡ್ಡೆಯಿದೆಯೆಂದು ವೈದ್ಯರು ಕಂಡುಹಿಡಿದರು. ನಿಧಾನವಾಗಿ ಬೆಳೆಯುವ ಜಾತಿಯದು. ತೆಗೆಯದಿದ್ದರೆ ಕೆಡುಕು, ತೆಗೆಯುವಾಗ ಕೈ ಸ್ವಲ್ಪ ಆಚೆಗೆ ಹೋದರೆ ಮಾತಿಗೇ ಕೇಡು. ನನ್ನ ತಂಗಿ, ಅವನ ತಾಯಿ, ಇಷ್ಟನ್ನೂ ಕೇಳಿಕೊಂಡು ನನ್ನನ್ನು ಬದಿಗೆ ಕರೆದು ಹೇಳಿದಳು: “ಅಣ್ಣ, ಕೋರ್ಟಿನ ಇಂಗ್ಲಿಷು ಇದ್ದರೆ ಇರಲಿ, ಹೋದರೆ ಹೋಗಲಿ. ಮನೆಯ ಮಾತು ಉಳಿಯುತ್ತದೆಯೇ ಎಂದು ಕೇಳು.”

ಆ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಓದಿದೆ, ಕೇಳಿದೆ. 1861ರಲ್ಲಿ ಪ್ಯಾರಿಸ್ಸಿನ ಪೌಲ್ ಬ್ರೋಕಾ ಎಂಬ ವೈದ್ಯನ ಬಳಿಗೆ ಒಬ್ಬ ರೋಗಿಯು ಬಂದಿದ್ದನು. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು “ತಾನ್, ತಾನ್” ಎಂಬುದೊಂದೇ. ಅವನು ಸತ್ತ ಮೇಲೆ ನೋಡಲಾಗಿ ಮಿದುಳಿನ ಎಡಭಾಗದಲ್ಲಿ, ಮುಂಗಡೆಯಲ್ಲಿ, ಹಾನಿಯು ಕಂಡುಬಂತು. 1874ರಲ್ಲಿ ಕಾರ್ಲ್ ವೆರ್ನಿಕೆ ಎಂಬ ಜರ್ಮನ್ ವೈದ್ಯನು, ಹಿಂಬದಿಯಲ್ಲಿ ಬೇರೊಂದೆಡೆ ಕೆಟ್ಟರೆ ಮಾತು ಸರಾಗವಾಗಿ ಹರಿದರೂ ಅರ್ಥ ತಪ್ಪಿಹೋಗುವುದೆಂದು ತೋರಿಸಿದನು. ಬಲಗೈಯವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಮಾತಿನ ಆಡಳಿತ ಎಡಮಿದುಳಿನದು. ಎಡಗೈಯವರಲ್ಲಿ ಈ ನಿಯಮ ಅಷ್ಟು ಬಿಗಿಯಲ್ಲ. ಬದುಕಿರುವ ಮನುಷ್ಯನಲ್ಲಿ ಇದನ್ನು ತಿಳಿಯಲು 1949ರಲ್ಲಿ ಜಪಾನಿನ ಜುನ್ ವಾಡ ಎಂಬವರು ಒಂದು ಉಪಾಯವನ್ನು ತಂದರು. ಕತ್ತಿನ ರಕ್ತನಾಳದ ಮೂಲಕ ಅಮೈಟಲ್ ಎಂಬ ಮದ್ದನ್ನು ಬಿಟ್ಟು, ಮಿದುಳಿನ ಒಂದು ಅರ್ಧವನ್ನು ಕೆಲವು ನಿಮಿಷ ಮಲಗಿಸಿ, ಉಳಿದರ್ಧ ಮಾತಾಡಬಲ್ಲುದೇ ಎಂದು ನೋಡುವುದು. ಧೈರ್ಯದ ಉಪಾಯವೇ ಸರಿ. ಆದರೆ ಮಾತು ಎಡದಲ್ಲೋ ಬಲದಲ್ಲೋ ಎಂಬಷ್ಟನ್ನು ಹೇಳೀತಲ್ಲದೆ, ಗೆಡ್ಡೆಯಿಂದ ಎಷ್ಟು ಬೆರಳು ದೂರವೆಂದು ಹೇಳಲಾರದು.

ಈಗ ಮಾಡುವ ಪರೀಕ್ಷೆ ಫಂಕ್ಷನಲ್ ಎಂ.ಆರ್.ಐ. ಎಂಬುದು. ಇದರ ಬೀಜ ರಕ್ತದಲ್ಲಿದೆ. ಪ್ರಾಣವಾಯುವನ್ನು ಹೊತ್ತ ರಕ್ತಕ್ಕೂ ಅದನ್ನು ಕೊಟ್ಟುಬಿಟ್ಟ ರಕ್ತಕ್ಕೂ ಅಯಸ್ಕಾಂತದ ಎದುರಿನಲ್ಲಿ ಸ್ವಭಾವಭೇದವುಂಟೆಂದು 1936ರಲ್ಲಿ ಅಮೆರಿಕದ ಪೌಲಿಂಗ್ ಮತ್ತು ಕೊರಿಯೆಲ್ ಕಂಡಿದ್ದರು. ಮಿದುಳಿನ ಯಾವ ಭಾಗ ಕೆಲಸಕ್ಕೆ ತೊಡಗುವುದೋ ಅಲ್ಲಿಗೆ ಬೇಕಾದುದಕ್ಕಿಂತಲೂ ಹೆಚ್ಚಾಗಿ ಹೊಸ ರಕ್ತ ಹರಿದುಬರುತ್ತದೆ. ಆದುದರಿಂದ ಆ ಎಡೆಯ ಸಂಕೇತವು ತುಸು ಏರುತ್ತದೆ. 1990ರಲ್ಲಿ ಸೇಜಿ ಒಗಾವ ಎಂಬವರು ಈ ಭೇದದಿಂದಲೇ ಮಿದುಳಿನ ಚಿತ್ರ ತೆಗೆಯಬಹುದೆಂದು ತೋರಿಸಿದರು. 1992ರ ಹೊತ್ತಿಗೆ ಅದು ಮನುಷ್ಯರಲ್ಲಿಯೂ ಸಿದ್ಧವಾಯಿತು. ಒಂದು ಮಾತನ್ನು ವಾಚಕರು ಗಮನಿಸಬೇಕು: ಯಂತ್ರವು ಕಾಣುವುದು ಯೋಚನೆಯನ್ನಲ್ಲ, ಕೆಲವು ಸೆಕೆಂಡು ತಡವಾಗಿ ಬರುವ ರಕ್ತವನ್ನು. ಮದುವೆಯ ಮನೆಯಲ್ಲಿ ಹೊಗೆ ಎಲ್ಲಿ ಏಳುತ್ತದೆಂದು ನೋಡಿ ಅಡುಗೆಯ ಶಾಲೆ ಎಲ್ಲಿದೆಯೆಂದು ಊಹಿಸಿದಂತೆ.

ಮೊದಲು ಪರೀಕ್ಷೆ ನಡೆದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅಲ್ಲಿ ಅಳಿಯನನ್ನು ಕೊಳವೆಯಂಥ ಯಂತ್ರದಲ್ಲಿ ಮಲಗಿಸಿ, ಒಂದರ ಮೇಲೊಂದು ಚಿತ್ರ ತೋರಿಸಿ, ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕೆಂದರು. ಬಾಯಿಬಿಟ್ಟು ಆಡಿದರೆ ತಲೆ ಅಲುಗಿ ಚಿತ್ರ ಕೆಡುತ್ತದೆ. “ಯಾವ ಭಾಷೆಯಲ್ಲಿ?” ಎಂದು ಇವನು ಕೇಳಿದ್ದಕ್ಕೆ, ಇಂಗ್ಲಿಷಿನಲ್ಲಿ ಎಂದು ಉತ್ತರ ಬಂತಂತೆ. ಚಿತ್ರಗಳಲ್ಲಿ ಒಂದು ಹಿಮದ ಗುಡಿಸಲು. ಅದರ ಹೆಸರನ್ನು ಹುಡುಕುವಾಗ ಮಿದುಳಿನಲ್ಲಿ ರಕ್ತ ಹರಿದದ್ದು ಮಾತಿಗಾಗಿಯೋ, ಬೆರಗಿಗಾಗಿಯೋ, ಯಾರು ಬಲ್ಲರು?

ಬೆಂಗಳೂರಿನಲ್ಲಿ ನಾವು ಕಂಡ ಶಸ್ತ್ರವೈದ್ಯರು ಆ ಚಿತ್ರಗಳನ್ನು ನೋಡಿ, ಪಕ್ಕಕ್ಕಿಟ್ಟು, “ಮನೆಯಲ್ಲಿ ಯಾವ ಮಾತು?” ಎಂದು ಕೇಳಿದರು. ನನ್ನ ತಂಗಿಯ ಮುಖ ಅರಳಿದ್ದು ಆಗ. 1997ರಲ್ಲಿ ನ್ಯೂಯಾರ್ಕಿನಲ್ಲಿ 12 ಮಂದಿ ದ್ವಿಭಾಷಿಗಳ ಮಿದುಳನ್ನು ಇದೇ ಯಂತ್ರದಿಂದ ನೋಡಿದ್ದರೆಂದು ಅವರು ವಿವರಿಸಿದರು. ಎಳವೆಯಲ್ಲೇ ಎರಡು ಭಾಷೆ ಕಲಿತವರಲ್ಲಿ ಬ್ರೋಕಾ ಹೇಳಿದ ಎಡೆಯಲ್ಲಿ ಎರಡಕ್ಕೂ ಒಂದೇ ನೆಲೆ. ದೊಡ್ಡವರಾದ ಮೇಲೆ ಎರಡನೆಯದನ್ನು ಕಲಿತವರಲ್ಲಿ ಪಕ್ಕಪಕ್ಕದ ಬೇರೆಬೇರೆ ನೆಲೆ. ಆದುದರಿಂದ ತುಳು, ಕನ್ನಡ, ಇಂಗ್ಲಿಷು ಮೂರರಲ್ಲಿಯೂ ಪರೀಕ್ಷೆ ಪುನಃ ನಡೆಯಿತು. ಚಿತ್ರಗಳನ್ನು ಆರಿಸಲು ನಾನೂ ಕುಳಿತೆ. ಒಂದೇ ಬೆಕ್ಕಿಗೆ ಒಮ್ಮೆ ಬೆಕ್ಕು, ಒಮ್ಮೆ ಪುಚ್ಚೆ. ಒಂದೇ ಹಸುವಿಗೆ ಒಮ್ಮೆ ಹಸು, ಒಮ್ಮೆ ಪೆತ್ತ. ಎರಡು ಭಾಷೆಗಳಲ್ಲಿಯೂ ಒಂದೇ ಹೆಸರಿರುವ ನಾಯಿಯನ್ನು ನಾನೇ ಕೈಬಿಡಿಸಿದೆ.

ಧ್ವನಿಯಾಗದೆ ಒಳಗೇ ಕ್ರಮಗೊಂಡು ನಿಂತ ಮಾತಿಗೆ ಭರ್ತೃಹರಿಯು ವಾಕ್ಯಪದೀಯದಲ್ಲಿ ಮಧ್ಯಮಾ ಎಂದು ಹೆಸರಿಟ್ಟಿದ್ದಾನೆ. ಹೊರಗೆ ಕೇಳಿಸುವುದು ವೈಖರೀ. ಗಾಜಿನ ಆಚೆ ಕುಳಿತು, ಗಡಗಡ ಸದ್ದು ಮಾಡುವ ಆ ಯಂತ್ರದೊಳಗೆ ಅಲುಗದೆ ಮಲಗಿದ್ದ ಹುಡುಗನನ್ನು (ನಲವತ್ತನಾಲ್ಕಾದರೂ ನನಗೆ ಹುಡುಗನೇ) ನೋಡುವಾಗ ನನಗೆ ಬಂದ ಯೋಚನೆ ಇದು: ಯಂತ್ರವು ಹಿಡಿಯಲೆಳಸುವುದು ಮಧ್ಯಮೆಯನ್ನು. ವೈಯಾಕರಣರು ಅದರ ಲಕ್ಷಣವನ್ನು ಹೇಳಿದರು. ಅದರ ವಿಳಾಸವನ್ನು ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ.

ಚಿತ್ರಗಳು ಬಂದವು. ಬೂದುಬಣ್ಣದ ಮಿದುಳಿನ ಮೇಲೆ ಕೆಂಪು ಹಳದಿ ಮಚ್ಚೆಗಳು. ಹಬ್ಬದ ದೀಪಗಳಂತೆ ಚೆಲುವಾಗಿ ಕಾಣುತ್ತವೆ, ಅದೇ ಅಪಾಯ. ಮೂರು ಭಾಷೆಗಳ ಮಚ್ಚೆಗಳೂ ಬಹುಮಟ್ಟಿಗೆ ಒಂದರ ಮೇಲೊಂದು ಕೂತಿದ್ದವು. ಗೆಡ್ಡೆಯ ಅಂಚಿನ ಒಂದೆಡೆ ಮಾತ್ರ ಕನ್ನಡಕ್ಕೆ ಸ್ವಲ್ಪ ಬೆಳಕು, ತುಳುವಿಗೆ ಬರಿ ಕತ್ತಲೆ. “ಹಾಗಾದರೆ ಅಲ್ಲಿ ತುಳು ಇಲ್ಲ, ಅಲ್ಲವೆ?” ಎಂದೆ. “ಮೇಷ್ಟ್ರೇ, ಬೆಳಕನ್ನು ಅರ್ಧ ನಂಬಿ, ಕತ್ತಲೆಯನ್ನು ನಂಬಲೇಬೇಡಿ,” ಎಂದರು ವೈದ್ಯರು. ಕಾರಣವನ್ನೂ ಹೇಳಿದರು. ಗೆಡ್ಡೆಯ ಒಳಗೂ ಬಳಿಯಲ್ಲೂ ರಕ್ತನಾಳಗಳ ಸ್ವಭಾವ ಕೆಟ್ಟಿರುತ್ತದೆ. ನರಗಳು ದುಡಿಯುತ್ತಿದ್ದರೂ ಅವುಗಳ ಕರೆಗೆ ರಕ್ತ ಓಗೊಡುವುದಿಲ್ಲ. ಒಲೆ ಉರಿಯುತ್ತಿದೆ, ಹೊಗೆ ಏಳದು. ಇನ್ನು ಬೆಳಗಿದ ಎಡೆಗಳೆಲ್ಲ ಮಾತಿಗೆ ಅನಿವಾರ್ಯವೆಂದೂ ಅಲ್ಲ. ಮದುವೆಯ ಮನೆಯಲ್ಲಿ ಓಡಾಡುವವರೆಲ್ಲ ಅಡುಗೆಯವರಲ್ಲವಷ್ಟೆ. ಗೆಡ್ಡೆಯ ರೋಗಿಗಳಲ್ಲಿ ಈ ಚಿತ್ರದ ಬೆಲೆಯೂ ಮಿತಿಯೂ ಇಷ್ಟು: ದಾರಿ ತೋರಿಸೀತು, ತೀರ್ಪು ಕೊಡದು.

ತೀರ್ಪು ಸಿಕ್ಕುವುದು ಶಸ್ತ್ರಕ್ರಿಯೆಯ ಮೇಜಿನ ಮೇಲೆ. ಮಾಂಟ್ರಿಯಲ್ಲಿನ ವೈಲ್ಡರ್ ಪೆನ್‌ಫೀಲ್ಡ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರು ರೂಢಿಗೆ ತಂದ ಕ್ರಮವದು: ತಲೆಯ ಚರ್ಮವನ್ನು ಮರಗಟ್ಟಿಸಿ, ರೋಗಿಯನ್ನು ಎಚ್ಚರವಾಗಿಯೇ ಇಟ್ಟು, ಮಿದುಳಿನ ಮೇಲ್ಮೈಯನ್ನು ಅತಿ ಸಣ್ಣ ವಿದ್ಯುತ್ತಿನಿಂದ ಮುಟ್ಟುತ್ತ, ಚಿತ್ರಗಳ ಹೆಸರನ್ನು ಕೇಳುವುದು. ಮಿದುಳಿಗೆ ಸ್ವತಃ ನೋವು ತಿಳಿಯದು. ಎಲ್ಲಿ ಮುಟ್ಟಿದಾಗ ಹೆಸರು ತಡೆಯುವುದೋ ಆ ಎಡೆಯನ್ನು ಕತ್ತರಿಸುವಂತಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯದ ವೈದ್ಯರು ಹೀಗೆ ಶಸ್ತ್ರಕ್ರಿಯೆಯಾದ 250 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದಾಗ, ಮಾತಿನ ಎಡೆಗಳು ಒಬ್ಬರಿದ್ದಂತೆ ಇನ್ನೊಬ್ಬರಲ್ಲಿ ಇರುವುದಿಲ್ಲವೆಂಬುದು ಸ್ಪಷ್ಟವಾಯಿತು. ಪುಸ್ತಕದಲ್ಲಿ ಬರೆದ ನಕ್ಷೆ ನನ್ನ ಅಳಿಯನ ನಕ್ಷೆಯಲ್ಲ.

ಆ ದಿನ ಬೆಳಗ್ಗೆಯಿಂದ ಮಧ್ಯಾಹ್ನ ಎರಡರವರೆಗೆ ನಾವು ಹೊರಗೆ ಕುಳಿತಿದ್ದೆವು. ತಂಗಿ ಏನನ್ನೂ ತಿನ್ನಲಿಲ್ಲ. ಒಳಗೆ ನಡೆದದ್ದನ್ನು ವೈದ್ಯರು ಆಮೇಲೆ ಹೇಳಿದರು. ತುಳು ಬಲ್ಲ ದಾದಿಯೊಬ್ಬಳನ್ನು ಬಳಿಯಲ್ಲಿ ನಿಲ್ಲಿಸಿಕೊಂಡು, ಕತ್ತಲೆಯೆಂದು ಚಿತ್ರ ಹೇಳಿದ್ದ ಅಂಚನ್ನೇ ಅವರು ಮುಟ್ಟಿದರು. ಬೆಕ್ಕಿನ ಚಿತ್ರ ಎದುರಿಗಿತ್ತು. ಬಾಯಿ ತೆರೆದದ್ದು ಹಾಗೆಯೇ ನಿಂತಿತು. ಕನ್ನಡವೂ ಇಲ್ಲ, ತುಳುವೂ ಇಲ್ಲ. ಕಡ್ಡಿಯನ್ನು ತೆಗೆದೊಡನೆ “ಪುಚ್ಚೆ” ಎಂದನಂತೆ. ಮತ್ತೆರಡು ಸಲ ನೋಡಿದರು, ಹಾಗೆಯೇ ಆಯಿತು. ಆ ಭಾಗದ ಗೆಡ್ಡೆಯ ತುಣುಕನ್ನು ಅಲ್ಲಿಯೇ ಉಳಿಸಿದರು.

ಉಳಿದ ತುಣುಕಿನಿಂದ ನಿಶ್ಚಿಂತೆಯಾಗಿದ್ದೇವೆಂದು ಹೇಳಲಾರೆ. ವಿಕಿರಣ ಚಿಕಿತ್ಸೆ ಮುಗಿದಿದೆ. ನಾಲ್ಕು ತಿಂಗಳಿಗೊಮ್ಮೆ ಚಿತ್ರ ತೆಗೆಯುತ್ತಾರೆ. ಮೊದಲ ಮೂರು ವಾರ ಅವನು ಒಂದೊಂದೇ ಪದವನ್ನು ಆಡುತ್ತಿದ್ದ. ಈಗ ವಾಕ್ಯಗಳು ಕೂಡಿಬರುತ್ತವೆ. ಇಂಗ್ಲಿಷು ಎಲ್ಲಕ್ಕಿಂತ ಕಡೆಯಲ್ಲಿ ಬಂದಿದೆ, ಇನ್ನೂ ಪೂರ್ತಿಯಾಗಿಲ್ಲ; ಕೋರ್ಟಿಗೆ ಹೋಗುತ್ತಾನಾದರೂ ವಾದವನ್ನು ಕಿರಿಯರಿಗೆ ಬಿಟ್ಟು, ಕಾಗದಗಳನ್ನು ಮಾತ್ರ ನೋಡುತ್ತಾನೆ. ಸಂಜೆ ಜಗಲಿಯಲ್ಲಿ ತಾಯಿಮಗ ಕುಳಿತು ಅಡಕೆ ಸುಲಿಯುವಾಗ ಅವಳು ಊರಿನ ಸುದ್ದಿಯನ್ನೆಲ್ಲ ತುಳುವಿನಲ್ಲಿ ಹೇಳುತ್ತಾಳೆ; ಅವನು ನಡುನಡುವೆ ತಡೆದು ಯಾರದು, ಎಲ್ಲಿಯದು ಎಂದು ಕೇಳುತ್ತಾನೆ. ಮುಂದಿನ ಚಿತ್ರ ದೀಪಾವಳಿ ಕಳೆದ ಮೇಲೆ. ಹೋದ ಸಲದ ಬೆಕ್ಕು ಹಸುಗಳನ್ನೇ ಈ ಸಲವೂ ತೋರಿಸುವರಂತೆ, ಹೋಲಿಸಿ ನೋಡುವುದಕ್ಕಾಗಿ.