ಉದ್ರಿ ಪುಸ್ತಕ

2020ರ ಮಾರ್ಚ್ 24ರ ರಾತ್ರಿ ಪ್ರಧಾನಿಯವರು 21 ದಿನಗಳ ಲಾಕ್‌ಡೌನ್ ಘೋಷಿಸಿದಾಗ ಹೊಸಪೇಟೆಯ ನಮ್ಮ ಮನೆಯಲ್ಲಿ ನಾಲ್ಕು ದಿನಕ್ಕಾಗುವಷ್ಟೇ ಅಕ್ಕಿಯಿತ್ತು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲೇ ಹೇಳಿಕೊಟ್ಟು ಒಂದು ಆ್ಯಪ್ ಹಾಕಿಸಿದ. ಪಿನ್‌ಕೋಡ್ ಒತ್ತಿದರೆ, ನಿಮ್ಮ ಊರಿಗೆ ಸೇವೆಯಿಲ್ಲ ಎಂಬ ಉತ್ತರ! ಪೇಟೆಯ ದೊಡ್ಡ ಅಂಗಡಿಯೊಂದು ವಾಟ್ಸ್ಆ್ಯಪ್‌ನಲ್ಲಿ ಚೀಟಿ ಪಡೆದು ಮೂರನೇ ದಿನ ಸಾಮಾನು ಕಳಿಸಿತು. ತೊಗರಿಬೇಳೆ ಕೇಳಿದರೆ ಕಡಲೆಬೇಳೆ ಬಂದಿತ್ತು. ಹಣ ಮಾತ್ರ ಮುಂಗಡ.

ಓಣಿಯ ಕಿರಾಣಿ ಶೆಟ್ಟರದು ಬೇರೆಯೇ ರೀತಿ. ಬೆಳಿಗ್ಗೆ ಚೀಟಿ ಕೊಟ್ಟರೆ ಮಧ್ಯಾಹ್ನದೊಳಗೆ ಅವರ ಮಗ ಸೈಕಲ್ಲಿನಲ್ಲಿ ಚೀಲ ತಂದು ಕಟ್ಟೆಯ ಮೇಲಿಟ್ಟು ದೂರ ನಿಲ್ಲುತ್ತಿದ್ದ. ಕಂಪ್ಲಿಯ ಅಕ್ಕಿಗೆ ಕಿಲೋಗೆ ಎರಡು ರೂಪಾಯಿ ಹೆಚ್ಚೇ ಬಿತ್ತು. ತಕರಾರು ತೆಗೆಯಲೆಂದೇ ಅಂಗಡಿಗೆ ಹೊರಟವನು ಎದುರುಮನೆಯ ಕಟ್ಟೆಯ ಮೇಲೂ ಅಂಥದೇ ಚೀಲ ಕಂಡು ಸುಮ್ಮನಾದೆ. ಆ ಮನೆಯ ಹುಡುಗ ಹಂಪಿಯಲ್ಲಿ ಪ್ರವಾಸಿಗರಿಗೆ ಆಟೋ ಓಡಿಸುವವನು. ಮಾರ್ಚ್ 17ರಿಂದಲೇ ಸ್ಮಾರಕಗಳು ಮುಚ್ಚಿ ಅವನ ಸಂಪಾದನೆ ನಿಂತಿತ್ತು. ಅವನ ತಾಯಿ ಚೀಟಿ ಕಳಿಸುವವರಲ್ಲ, ಬಾಯಿಬಿಟ್ಟು ಕೇಳುವವರೂ ಅಲ್ಲ.

"ಆ ಮನೆಯ ಲೆಕ್ಕ ನನ್ನ ಹೆಸರಿಗೆ ಬರೀರಿ" ಎಂದೆ. ಶೆಟ್ಟರು ಉದ್ರಿ ಪುಸ್ತಕ ತಿರುವಿದರು.

"ಆಗಲೇ ಇಬ್ಬರು ಹಂಗ ಬರೆಸ್ಯಾರ್ರೀ. ಅಕ್ಕಿ, ಬೇಳಿ ಅವರ ಲೆಕ್ಕಕ್ಕಾತು. ಎಣ್ಣಿ ನಿಮ್ಮ ಹೆಸರಿಗೆ ಹಾಕ್ಲೇನು?"