ಮರಳಿ ಬಂದ ಚೆನ್ನೆಮಣೆ

ಆಟಿ ತಿಂಗಳ ಮಳೆಗೆ ಗದ್ದೆಯ ಕೆಲಸವು ನಿಂತಾಗ ನಮ್ಮ ತುಳುನಾಡಿನ ಮನೆಗಳಲ್ಲಿ ಅಟ್ಟದಿಂದ ಇಳಿಯುತ್ತಿದ್ದ ಚೆನ್ನೆಮಣೆಯು ಈಗ ಮೊಬೈಲ್ ಫೋನಿನೊಳಗೆ ಹೊಸ ವೇಷದಿಂದ ಬಂದಿರುವದು. ಧರ್ಮಸ್ಥಳದ ಕಡೆಯವಳಾದ ನಮ್ಮ ಹಳೇ ವಿದ್ಯಾರ್ಥಿನಿಯೊಬ್ಬಳು ದುಬಾಯಿಯಿಂದ ಇದನ್ನು ನನಗೆ ಕಳುಹಿಸಿ, ಬೋರ್ಡಿಂಗಿನ ಹುಡುಗಿಯರಿಗೂ ಆಡಿಸಬೇಕೆಂದು ಬರೆದಳು. ಆಡಿ ನೋಡಿದ ಮೇಲೆ ತೋಚಿದ್ದನ್ನು ಇಲ್ಲಿ ಅರಿಕೆಮಾಡುವೆನು.

ಆಟವನ್ನರಿಯದ ಪೋಷಕರಿಗಾಗಿ ಎರಡು ಮಾತು. ಮಣೆಯಲ್ಲಿ ಏಳೇಳರ ಎರಡು ಸಾಲು, ಒಟ್ಟು 14 ಕುಳಿ. ಕುಳಿಗೆ ನಾಲ್ಕರಂತೆ 56 ಕಾಯಿ. ಕೆಂಪು ಮಂಜೊಟ್ಟಿ ಇಲ್ಲವಾದರೆ ಹುಣಸೇಬೀಜವೂ ಸಲ್ಲುವದು. ಒಂದು ಕುಳಿಯದನ್ನೆಲ್ಲಾ ಎತ್ತಿ ಮುಂದಿನವುಗಳಲ್ಲಿ ಒಂದೊಂದಾಗಿ ಬಿತ್ತಬೇಕು. ಕೈ ಬರಿದಾದಾಗ ಮುಂದಿನ ಕುಳಿಯದನ್ನೆತ್ತಿ ಮತ್ತೆ ಬಿತ್ತಬೇಕು. ಅದೂ ಬರಿದಾಗಿದ್ದರೆ ಅದರಾಚೆಯದು ಆಡುವವಳ ಪಾಲು.

ಇದು ಬರೇ ಹೊತ್ತು ಕಳೆಯುವ ವಿನೋದವೆಂದು ತಿಳಿಯಬಾರದು. ಸಿರಿ ಪಾಡ್ದನದ ಅಬ್ಬಗ ದಾರಗರೆಂಬ ಅವಳಿ ಸಹೋದರಿಯರು ಚೆನ್ನೆಯಾಡುತ್ತಾ ಜಗಳಕ್ಕೆ ಬಿದ್ದು, ಒಬ್ಬಳು ಆ ಮಣೆಯಿಂದಲೇ ಮತ್ತೊಬ್ಬಳನ್ನು ಹೊಡೆದು ಕೊಂದಳಂತೆ. ನಮ್ಮ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹೇಳಿದ ಆ ಪಾಡ್ದನವನ್ನು ಫಿನ್ಲೆಂಡಿನ ಪಂಡಿತರಾದ ಲೌರಿ ಹೊಂಕೊರವರೂ ಸಂಗಡಿಗರೂ ದಾಖಲಿಸಿ 1998ರಲ್ಲಿ ಅಚ್ಚುಹಾಕಿಸಿದಾಗ 15,683 ಸಾಲುಗಳಾದವು. ಅಕ್ಕತಂಗಿಯರನ್ನು ಮಣೆಯ ಎದುರುಬದುರು ಕೂರಿಸಲು ಅಂಜುವ ಹಿರಿಯರು ಈಗಲೂ ಇದ್ದಾರೆ.

ಹಳೇ ಆಟಕ್ಕೆ ಹೊಸ ಅಂಗಿ ತೊಡಿಸುವದು ಲೋಕದಲ್ಲೆಲ್ಲಾ ನಡೆಯುವದು. ಜಪಾನಿನ ನಿಂಟೆಂಡೊ ಕಂಪೆನಿಯು 1993ರಲ್ಲಿ ಗೇಮ್ ಬಾಯ್ ಎಂಬ ಕೈಯಂತ್ರಕ್ಕಾಗಿ ಹೊರಡಿಸಿದ ‘ಲಿಂಕ್ಸ್ ಅವೇಕನಿಂಗ್’ ಎಂಬ ಸಾಹಸದ ಆಟವನ್ನು 2019ರಲ್ಲಿ ಹೊಸದಾಗಿ ಮಾಡಿತು. ನನ್ನ ತಮ್ಮನ ಮಗನು ಎರಡನ್ನೂ ತೋರಿಸಿದನು. ಹಳೆಯದರಲ್ಲಿ ಸಾಮಾನುಗಳಿಗೆಲ್ಲಾ ಎರಡೇ ಗುಂಡಿ. ಕತ್ತಿಯನ್ನಿಟ್ಟು ಬೇರೊಂದನ್ನು ಹಿಡಿಯಲು ಆಟವನ್ನು ಪದೇಪದೇ ನಿಲ್ಲಿಸಬೇಕು. ಹೊಸದರಲ್ಲಿ ಕತ್ತಿಗೂ ಗುರಾಣಿಗೂ ಪ್ರತ್ಯೇಕ ಗುಂಡಿಗಳುಂಟು. ಆ ತೊಂದರೆ ತಪ್ಪಿದ್ದು ಒಳ್ಳೇದೇ. ಕಥೆಯೂ ದ್ವೀಪವೂ ಹಾಗೆಯೇ ಉಳಿದವು. ಚೆನ್ನೆಯಲ್ಲಾದರೋ ತಪ್ಪಿಸಿದ ತೊಂದರೆಯೇ ಆಟವಾಗಿತ್ತು.

ಫೋನಿನಲ್ಲಿ ಕುಳಿಯನ್ನು ಮುಟ್ಟಿದರೆ ಸಾಕು, ಕಾಯಿಗಳು ತಾವೇ ಓಡುವವು. ಲೆಕ್ಕವು ಮೇಲೆ ಮೂಡುವದು. ಬೋರ್ಡಿಂಗಿನ ಹುಡುಗಿಯರು ಒಂದು ಸಂಜೆಯಲ್ಲಿ ಹತ್ತಾಟ ಆಡಿದರು. ಯಾಕೆ ಗೆದ್ದಿರೆಂದು ಕೇಳಿದರೆ ಒಬ್ಬಳೂ ಹೇಳಲಾರಳು. ಮರುದಿನ ಮರದ ಮಣೆಯನ್ನಿಟ್ಟೆನು. ಒಬ್ಬಳು ಅವಸರದಲ್ಲಿ ಎರಡು ಕಾಯಿಗಳನ್ನು ಒಂದೇ ಕುಳಿಗೆ ಬಿಟ್ಟಳು, ಎದುರಿನವಳು ಕೈಹಿಡಿದಳು, ಗದ್ದಲವಾಯಿತು, 56ನ್ನೂ ಸುರಿದು ಎಣಿಸಿದರು. ಲೆಕ್ಕದಲ್ಲಿ ಹಿಂದುಳಿದಿದ್ದ ಆರನೇ ತರಗತಿಯ ಹುಡುಗಿಯೊಬ್ಬಳು ವಾರದೊಳಗೆ, ಕೊನೆಯ ಕಾಯಿ ಎಲ್ಲಿ ಬೀಳುವದೆಂದು ಕುಳಿಯನ್ನು ನೋಡಿಯೇ ಹೇಳತೊಡಗಿದಳು. ಅವಳಿಗೆ ಇದನ್ನು ಕಲಿಸಿದವರು ನಾವು ಉಪಾಧ್ಯಾಯಿನಿಯರಲ್ಲ.

ಆದರೂ ದುಬಾಯಿಯವಳ ಆಟವನ್ನು ಹಳಿಯಲಾರೆನು. ಊರಿನಲ್ಲಿ ಒಬ್ಬಳೇ ಇರುವ ತಾಯಿಯೊಡನೆ ಅವಳು ಪ್ರತಿ ಶುಕ್ರವಾರವೂ ಫೋನಿನಲ್ಲಿ ಚೆನ್ನೆಯಾಡುವಳು. ಅಮ್ಮನಿಗೆ ಕಾಯಿಯ ಸದ್ದಿಲ್ಲವೆಂಬ ದೂರು ಇದ್ದರೂ ಒಂದು ಶುಕ್ರವಾರವನ್ನೂ ಬಿಟ್ಟಿಲ್ಲವಂತೆ. ಅಷ್ಟು ದೂರಕ್ಕೆ ಯಾವ ಮರದ ಮಣೆಯೂ ಮುಟ್ಟಲಾರದು.

ಒಂದೇ ಜಗಲಿಯಲ್ಲಿ ಕೂರುವ ನಮ್ಮ ಹುಡುಗಿಯರಿಗೆ ಮಾತ್ರ ಮುಂದಿನ ಆಟಿಯಲ್ಲಿ ಮರದ ಮಣೆಗಳನ್ನೇ ಇಡಿಸುವೆನು. ಈಗಿರುವದು ಎರಡೇ. ನಿಮ್ಮ ಅಟ್ಟದಲ್ಲಿ ಹಳೇ ಮಣೆಯಿದ್ದರೆ, ಬಿರುಕು ಬಿಟ್ಟಿದ್ದರೂ ಸರಿಯೇ, ದಯವಿಟ್ಟು ಶಾಲೆಗೆ ಕಳುಹಿಸಿಕೊಡಿರಿ. ಮಂಜೊಟ್ಟಿಯನ್ನು ಹುಡುಗಿಯರೇ ಹೆಕ್ಕಿ ತರುವರು.