ಹೆಬ್ಬೆಟ್ಟು ಒತ್ತಿದ ಕಾಗದ

ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಹೊರಟಿದ್ದೆವು. ಮರುದಿನ ಮಗಳಿಗೆ ಸಮಾಜ ವಿಜ್ಞಾನದ ಪರೀಕ್ಷೆ. ಯುರೋಪಿಯನ್ನರು ಆಫ್ರಿಕಾಕ್ಕೆ ಹೋದ ಕಾರಣಗಳನ್ನು ಬಾಯಿಪಾಠ ಮಾಡುತ್ತಿದ್ದಳು: ಕಚ್ಚಾಮಾಲು, ಮಾರುಕಟ್ಟೆ, ಮತಪ್ರಚಾರ, ಪ್ರತಿಷ್ಠೆ. ಇದ್ದಕ್ಕಿದ್ದಂತೆ ಪುಸ್ತಕ ಮುಚ್ಚಿ, ‘ಅಪ್ಪಾ, ಅಷ್ಟು ದೊಡ್ಡ ಖಂಡ ಹ್ಯಾಂಗ ತಗೊಂಡ್ರು? ಬರೇ ಬಂದೂಕಿನಿಂದ ಏನು?’ ಎಂದಳು.

ಕಿಟಕಿಯಾಚೆ ತೊಗರಿ ಹೊಲಗಳು. ಅವುಗಳಲ್ಲೊಂದು ಹಿಂದೆ ನಮ್ಮದಾಗಿತ್ತು. ನಿಜಾಮರ ಕಾಲದಲ್ಲಿ, ಮಳೆ ಕೈಕೊಟ್ಟ ವರ್ಷ, ನಮ್ಮ ಮುತ್ಯಾ ಒಬ್ಬ ಸಾಹುಕಾರನಿಂದ ಸಾಲ ತಂದ. ಕಾಗದ ಉರ್ದುವಿನಲ್ಲಿತ್ತು. ‘ಬರೀ ಬಡ್ಡಿಯ ಮಾತು, ಹೊಲದ ಮಾತಿಲ್ಲ’ ಎಂದರಂತೆ. ಮುತ್ಯಾ ಹೆಬ್ಬೆಟ್ಟು ಒತ್ತಿದ. ಹೊಲ ಹೋಯಿತು. ಮಗಳಿಗೆ ಗೊತ್ತಿದ್ದ ಈ ಕಥೆಯನ್ನೇ ಹಿಡಿದುಕೊಂಡು ಆಫ್ರಿಕಾಕ್ಕೆ ಹೋದೆ.

ಈಗಿನ ಜಿಂಬಾಬ್ವೆಯಲ್ಲಿ ಎನ್‌ಡೆಬೆಲೆ ಜನರ ಅರಸ ಲೊಬೆಂಗುಲ ಇದ್ದ. 1888ರಲ್ಲಿ ಸೆಸಿಲ್ ರೋಡ್ಸ್‌ನ ಕಡೆಯವರು ಅವನ ಮುಂದೆ ಕರಾರುಪತ್ರ ಹಿಡಿದರು. ತಿಂಗಳಿಗೆ 100 ಪೌಂಡ್, ಜತೆಗೆ 1,000 ಬಂದೂಕು. ಬದಲಿಗೆ ರಾಜ್ಯದ ಖನಿಜವೆಲ್ಲ ಅವರದು. ಹತ್ತು ಜನಕ್ಕಿಂತ ಹೆಚ್ಚು ಬಿಳಿಯರು ಅಗೆಯಲು ಬರುವುದಿಲ್ಲವೆಂದು ಬಾಯಿಮಾತು ಕೊಟ್ಟರು. ಕಾಗದದಲ್ಲಿ ಆ ಮಾತೇ ಇರಲಿಲ್ಲ. ಮೋಸ ತಿಳಿದ ಅರಸ ವಿಕ್ಟೋರಿಯಾ ರಾಣಿಯವರೆಗೆ ದೂತರನ್ನು ಅಟ್ಟಿದ, ಕರಾರು ಒಪ್ಪೆನೆಂದ. ಆದರೂ 1889ರಲ್ಲಿ ರೋಡ್ಸ್‌ನ ಕಂಪನಿಗೆ ರಾಣಿಯ ಸನದು ಸಿಕ್ಕಿತು. ಮ್ಯಾಕ್ಸಿಂ ಬಂದೂಕು ಗರ್ಜಿಸಿದ್ದು ಆಮೇಲೆ, 1893ರಲ್ಲಿ.

‘ಓದಾಕ ಬರ್ತಿದ್ರ ಉಳೀತಿದ್ದ’ ಎಂದಳು ಮಗಳು.

ಅಷ್ಟು ಸುಲಭವಲ್ಲ. ನಿಜಾಮರಿಗೆ ಓದು ಬರುತ್ತಿರಲಿಲ್ಲವೇ? 1798ರಲ್ಲಿ ಇಂಗ್ಲಿಷರ ಸೈನ್ಯವನ್ನು ತಮ್ಮ ಖರ್ಚಿನಲ್ಲಿ ಸಾಕಲು ಒಪ್ಪಿದರು. ವರ್ಷಕ್ಕೆ 24 ಲಕ್ಷ ರೂಪಾಯಿಗೂ ಮೇಲೆ. 1800ರಲ್ಲಿ ಆ ಖರ್ಚಿಗೆಂದೇ ಬಳ್ಳಾರಿ, ಕಡಪ ಸೀಮೆಗಳು ಹೋದವು. ಮುಂದೆ ಇನ್ನೊಂದು ಪಡೆಯ ಸಂಬಳದ ಬಾಕಿ ಬೆಳೆದು 1853ರಲ್ಲಿ ಬೀರಾರ್, ರಾಯಚೂರು, ನಮ್ಮ ಹೆದ್ದಾರಿಯಲ್ಲೇ ಸೊಲ್ಲಾಪುರದ ಕಡೆಗೆ ಸಿಗುವ ನಳದುರ್ಗ ಸೀಮೆ, ಎಲ್ಲ ಇಂಗ್ಲಿಷರ ಕೈಸೇರಿದವು. ರಾಯಚೂರು, ನಳದುರ್ಗ 1860ರಲ್ಲಿ ಮರಳಿದವು. ಬೀರಾರ್ ಮರಳಲೇ ಇಲ್ಲ. ಒಂದು ಗುಂಡೂ ಹಾರಲಿಲ್ಲ. (ಪರೀಕ್ಷೆಗೆ ಬೇಕಾದ ಬರ್ಲಿನ್ ಸಮ್ಮೇಳನವನ್ನೂ ನೆನಪಿಸಿದೆ: 1884-85, ಆಫ್ರಿಕಾದವರು ಒಬ್ಬರೂ ಇಲ್ಲದ ಸಭೆ.)

ಕಾಗದವನ್ನು ಹಿಡಿದು ಜಗಳವಾಡಿ ಗೆದ್ದವನೂ ಒಬ್ಬನಿದ್ದ, ಇಥಿಯೋಪಿಯಾದ ಮೆನೆಲಿಕ್. 1889ರ ಉಚ್ಚಿಯಾಲಿ ಒಪ್ಪಂದದ ಅಮ್ಹಾರಿಕ್ ಪ್ರತಿಯಲ್ಲಿ, ಹೊರದೇಶಗಳೊಡನೆ ವ್ಯವಹರಿಸಲು ಇಟಲಿಯ ನೆರವು ಪಡೆಯಬಹುದು ಎಂದಿತ್ತು. ಇಟಲಿಯ ಪ್ರತಿಯಲ್ಲಿ, ಪಡೆಯಲೇಬೇಕು ಎಂದು! ಆತ ಒಪ್ಪಂದವನ್ನೇ ತಿರಸ್ಕರಿಸಿದ. 1896ರಲ್ಲಿ ಅಡ್ವಾದಲ್ಲಿ ಇಟಲಿಯ ಸೈನ್ಯ ಸೋತಿತು. ಆದರೆ ಅವನ ಬಳಿ ಬಂದೂಕುಗಳೂ ಬೇಕಾದಷ್ಟಿದ್ದವು, ಅದನ್ನೂ ಹೇಳಿದೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹುಮನಾಬಾದ್ ಹತ್ತಿರ ಬಂದಾಗ ಕೇಳಿದಳು: ‘ಮುತ್ಯಾನ ಕಾಗದ ಇನ್ನೂ ಮನ್ಯಾಗ ಅದ ಏನು?’

‘ಟ್ರಂಕಿನ್ಯಾಗ ಅದ.’

‘ಏನು ಬರ್ದಾರ ಅದರಾಗ?’

ಮೋಸ, ಮೋಸ ಎಂದು ಮೂರು ತಲೆಮಾರು ಹೇಳಿಕೊಂಡು ಬಂದಿದ್ದೇವೆ. ಒಮ್ಮೆಯೂ ಯಾರಿಂದಲೂ ಅದನ್ನು ಓದಿಸಿಲ್ಲ. ನನಗೆ ಉರ್ದು ಬಾರದು.

‘ಪರೀಕ್ಷಾ ಮುಗೀಲಿ, ಉರ್ದು ಸಾಲಿ ಮಾಸ್ತರ ಕಡೆ ಒಯ್ಯೋಣ’ ಎಂದು ಮಗಳು ಇಳಿಯಲು ಎದ್ದಳು.